ಆನೆ ಯಾವ ಕಡೆಯಿಂದ? ರೇಡಾರ್ ಕೆಲಸ ಕಲಿಸಿದ್ದು

ಕೊಡಗಿನ ಸಿದ್ದಾಪುರದ ಕಡೆ, ಕಾಡಂಚಿನ ಕಾಫಿ ತೋಟಗಳಿಗೆ ಆನೆ ಬರುವ ಮುನ್ಸೂಚನೆ ಕೊಡುವ ರೇಡಾರ್ ಕೂರಿಸುವುದು ನನ್ನ ಕೆಲಸ. ಕಾಡಿಗೂ ತೋಟಕ್ಕೂ ನಡುವಿನ ಗದ್ದೆ ಬಯಲನ್ನೇ ನೋಡುವಂತೆ ಇಡುತ್ತೇವೆ, ತೋಟದೊಳಗಾದರೆ ಎಲೆ, ಕೊಂಬೆಗಳೇ ಸಿಗ್ನಲ್ ನುಂಗುತ್ತವೆ. ತೆರೆಯ ಮೇಲೆ ದೂರದ ಅಂಕಿ ತೋರಿಸಿದಾಗ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಕೆಲಸಗಾರರ ಸಾಲು ಮನೆಗಳನ್ನು ನೆನೆದು ಕೇಳಿದ್ದು ಇಷ್ಟೇ: "ದೂರ ಇರಲಿ ಸಾರ್, ಯಾವ ಕಡೆ ಬರ್ತಿದೆ ಹೇಳಿ. ಲೈನ್ ಮನೆಯವರನ್ನ ಯಾವ ದಾರೀಲಿ ಕಳಿಸ್ಲಿ?"

ಕಷ್ಟ ಇರುವುದೂ ಅಲ್ಲೇ. 24 ಗಿಗಾಹರ್ಟ್ಸ್‌ನಲ್ಲಿ 250 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ (ಸಿಗ್ನಲ್ ಬಳಸುವ ತರಂಗಾಂತರಗಳ ಹರವು) ಸಿಕ್ಕರೆ, ಹಿಂದೆ ಮುಂದೆ 60 ಸೆಂಟಿಮೀಟರ್ ಅಂತರವಿದ್ದರೂ ಎರಡು ವಸ್ತುಗಳು ಬೇರೆಯಾಗಿ ಕಾಣುತ್ತವೆ. ದಿಕ್ಕಿನ ಲೆಕ್ಕ ಹಾಗಲ್ಲ. ಸಿಗ್ನಲ್ ಕಳಿಸುವ 2 ಆಂಟೆನಾ, ಹಿಡಿಯುವ 8 ಆಂಟೆನಾಗಳನ್ನು ಸರಿಯಾದ ಅಂತರದಲ್ಲಿ ಕೂರಿಸಿದರೆ 16 ಆಂಟೆನಾಗಳ ಸಾಲಿನಷ್ಟು ಫಲ ಸಿಗುತ್ತದೆ. ಹೀಗೆ ಕಳಿಸಲೂ ಹಿಡಿಯಲೂ ಹಲವು ಆಂಟೆನಾ ಬಳಸುವ ಮೈಮೋ ರೇಡಾರ್‌ನ ದೊಡ್ಡ ಲಾಭ ಇದು. ಆದರೂ ಎರಡು ಆನೆಗಳನ್ನು ಬೇರೆ ಮಾಡಲು ನಡುವೆ ಸುಮಾರು 7 ಡಿಗ್ರಿ ಕೋನ ಬೇಕು. 100 ಮೀಟರ್ ಆಚೆ ಅದು 12 ಮೀಟರಿಗೂ ಹೆಚ್ಚು ಅಗಲ! ಒಂಟಿ ಸಲಗವಾದರೆ, ಸಿಗ್ನಲ್ ಗಟ್ಟಿಯಿದ್ದಾಗ, ಇದಕ್ಕಿಂತ ಎಷ್ಟೋ ನಿಖರವಾಗಿ ಜಾಗ ಹೇಳಬಹುದು. ತಾಯಿ, ಮರಿ ಒಂದೇ ದೂರದಲ್ಲಿ ಅಕ್ಕಪಕ್ಕ ನಡೆದರೆ ಮಾತ್ರ ಎರಡೂ ಸೇರಿ ಒಂದೇ ಚುಕ್ಕೆಯಾಗುತ್ತವೆ. ಆ ಚುಕ್ಕೆ ಇರುವಲ್ಲಿ ಆನೆಯೇ ಇಲ್ಲದಿರಬಹುದು.

ಆಂಟೆನಾ ಇನ್ನಷ್ಟು ಹೆಚ್ಚಿಸುವುದು ಒಂದು ದಾರಿ. ನನಗೆ ಹೆಚ್ಚು ನಂಬಿಕೆ ಬಂದದ್ದು ಗದ್ದೆಯ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಕಂಬ ಹೂಳಿ ಎರಡನೇ ರೇಡಾರ್ ನಿಲ್ಲಿಸುವುದರಲ್ಲಿ. ಆಗ ಪ್ರತಿ ಕಂಬದಿಂದಲೂ ದೂರದ ಒಂದು ಕಮಾನು ಸಿಗುತ್ತದೆ, ಆನೆ ಅದರ ಮೇಲೆ ಎಲ್ಲಾದರೂ ಇರಬಹುದು. ಎರಡು ಕಮಾನು ಕತ್ತರಿಸುವಲ್ಲಿ ಆನೆ. ಅವು ಲಂಬಕ್ಕೆ ಹತ್ತಿರವಾಗಿ ಕತ್ತರಿಸಿದಷ್ಟೂ ಒಳ್ಳೆಯದು. ಆನೆ ಎರಡು ಕಂಬಗಳನ್ನು ಸೇರಿಸುವ ಗೆರೆಯ ಹತ್ತಿರ ಬಂದರೆ ಕಮಾನುಗಳು ಒಂದನ್ನೊಂದು ಸವರಿಕೊಂಡು ಹೋಗುತ್ತವೆ, ಸಣ್ಣ ತಪ್ಪೂ ಉದ್ದಕ್ಕೆ ಹಿಗ್ಗುತ್ತದೆ. ಅದಕ್ಕೇ ಕಂಬ ಹೂಳುವ ಮೊದಲು ಆನೆ ಓಡಾಡುವ ದಾರಿ ಗೊತ್ತಿರಬೇಕು, ಮತ್ತು ಅದನ್ನು ಬಲ್ಲವರು ತೋಟದ ಕೆಲಸದವರೇ.

ಎರಡು ಆನೆ ಬಂದರೆ ಕಮಾನುಗಳು ಹೆಚ್ಚೆಂದರೆ 4 ಕಡೆ ಕೂಡಬಹುದು; ಅದರಲ್ಲಿ 2 ಸುಳ್ಳು. ಆ ಸುಳ್ಳನ್ನು ಹೊರಗೆ ಹಾಕುವುದು ಮತ್ತದೇ ಆಂಟೆನಾ ಸಾಲು ಕೊಡುವ ಒರಟು ದಿಕ್ಕು. ಒಂದು ಇನ್ನೊಂದರ ಕೆಲಸ ಮಾಡಲಾರದು.

ಮಳೆಗಾಲಕ್ಕೆ ಬೇರೆ ಎಚ್ಚರ ಬೇಕು. ರೇಡಾರ್ ಮುಚ್ಚಳದ ಮೇಲೆ ನೀರಿನ ಪದರ ನಿಂತರೆ ಆಂಟೆನಾಗಳ ಫೇಸ್ (ಅಲೆಯ ಏರಿಳಿತದ ಹಂತ) ಒಂದೊಂದು ಬಗೆಯಲ್ಲಿ ಜರುಗಿ, ದಿಕ್ಕು ವಾಲುತ್ತದೆ. ಮೂರು ಲೋಹದ ತಗಡು ಒಂದಕ್ಕೊಂದು ಲಂಬವಾಗಿ ಕೂಡಿಸಿದ ಪ್ರತಿಫಲಕವನ್ನು ಅಳೆದ ಜಾಗದಲ್ಲಿ ಕಾಯಂ ನೆಟ್ಟು, ರೇಡಾರ್ ಅದನ್ನು ಎಲ್ಲಿ ತೋರಿಸುತ್ತಿದೆ ಎಂದು ಜೋರು ಮಳೆಯಾದ ಮೇಲೆಲ್ಲ ನೋಡುತ್ತೇವೆ.