ಅಜ್ಜನ ಮಾರು, ಇಂಗ್ಲಿಷಿನ ಫ್ಯಾದಮ್

"ತಂಗಿ, ಇದ್ಕೆ ಟೇಪು ಯಾಕೆ? ಕೈ ಇಲ್ವಾ?"

ಮೊನ್ನೆ ಭಾನುವಾರ ತದಡಿ ಬಂದರಿನಲ್ಲಿ ಒಬ್ಬ ಅಜ್ಜ ನಮ್ಮ ಅಣ್ಣನ ಮಗಳಿಗೆ ಹೇಳಿದ ಮಾತು. ವಾರವಿಡೀ ಕಿವಿಯಲ್ಲೇ ಇದೆ.

ಅಜ್ಜ ಬಲೆಯ ಹಗ್ಗ ಅಳೆಯುತ್ತಿದ್ದರು. ಹಗ್ಗ ಹಿಡಿದು ಎರಡೂ ಕೈ ಅಗಲಿಸಿ, ಎದೆಯ ಮುಂದೆ ಬಿಗಿಯಾಗಿ ಎಳೆದು, "ಇದು ಒಂದು ಮಾರು." ಕೈ ಕೂಡಿಸಿ ಮತ್ತೆ ಅಗಲಿಸಿ, "ಎರಡು." ಹಗ್ಗ ಎಳೆದೂ ಎಳೆದೂ ಅಂಗೈಯಲ್ಲಿ ಗೆರೆ ಬಿದ್ದಿತ್ತು. ಅಜ್ಜನಿಗೆ ಓದು ಬರುವುದಿಲ್ಲ ಅಂತ ಪಕ್ಕದಲ್ಲಿದ್ದವರೊಬ್ಬರು ಸುಮ್ನೆ ಹೇಳಿದರು. ಕೇಳಿದವರು ಯಾರು?

ಹುಡುಗಿಗೆ ಅದೇ ವಾರ ಟ್ಯೂಷನ್ನಿನಲ್ಲಿ 'ಫ್ಯಾದಮ್' ಎಂಬ ಶಬ್ದ ಬಂದಿತ್ತು. ಅರ್ಥ 'ಗ್ರಹಿಸು', ಬಾಯಿಪಾಠ ಮಾಡಿ ಬಾ ಅಂದಿದ್ದರಂತೆ ಮಾಸ್ತರು. ಒಳ್ಳೆಯ ಮನುಷ್ಯ, ಫೀಸಿಗೆ ಯಾರನ್ನೂ ಕಾಡುವವರಲ್ಲ. ಆದರೆ ಶಬ್ದವನ್ನು ಒಣಮೀನಿನ ಹಾಗೆ ನೀರಿಲ್ಲದೆ ಕೊಟ್ಟರೆ ನನಗೆ ಸಿಟ್ಟು ಬರುತ್ತದೆ.

ಫ್ಯಾದಮ್ ಅಂದರೆ ಅಜ್ಜ ತೋರಿಸಿದ್ದೇ ಅಲ್ವಾ! ಹಳೆಯ ಇಂಗ್ಲಿಷಿನಲ್ಲಿ ಅದು ಚಾಚಿದ ಎರಡು ತೋಳು. ಅಪ್ಪುಗೆಯೂ ಹೌದು. ಆ ತೋಳಿನ ಉದ್ದವೇ 6 ಅಡಿಯ ಅಳತೆಯಾಯಿತು. ಹಡಗಿನವರು ಸೀಸ ಕಟ್ಟಿದ ಹಗ್ಗ ಇಳಿಬಿಟ್ಟು ನೀರಿನ ಆಳವನ್ನು ಅದರಲ್ಲೇ ಲೆಕ್ಕ ಹಾಕಿದರು. ಅಮೆರಿಕದ ಮಿಸಿಸಿಪ್ಪಿ ನದಿಯ ಸ್ಟೀಮರಿನಲ್ಲಿ 'ಮಾರ್ಕ್ ಟ್ವೇನ್' ಎಂದು ಕೂಗಿದರೆ 2 ಫ್ಯಾದಮ್, 12 ಅಡಿ ನೀರಿದೆ ಎಂದರ್ಥ. ಅಲ್ಲಿ ಸ್ಟೀಮರ್ ನಡೆಸುವ ಪೈಲಟ್ ಆಗಿದ್ದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಮುಂದೆ ಲೇಖಕನಾದಾಗ ಅದನ್ನೇ ತನ್ನ ಹೆಸರು ಮಾಡಿಕೊಂಡ. ಅಪ್ಪುವುದು, ಅಳೆಯುವುದು, ಆಳ ನೋಡುವುದು. ಅದೆಲ್ಲ ಆದಮೇಲೆ ಬಂದದ್ದು ಅರ್ಥ ಮಾಡಿಕೊಳ್ಳುವುದು. ಮಾಸ್ತರು ಕೊಟ್ಟಿದ್ದು ಕೊನೆಯ ಮೆಟ್ಟಿಲು ಮಾತ್ರ.

ಕೈ ಇಲ್ವಾ? ಎಷ್ಟು ಸಹಜವಾಗಿ ಕೇಳಿದರು! ನಮ್ಮ ಮಕ್ಕಳು ಕೈಯಿಂದ ಮುಟ್ಟದೆಯೇ ಎಷ್ಟೆಲ್ಲ ಕಲಿಯುತ್ತಿದ್ದಾರೆ. ಗದ್ದೆಯ ಪಕ್ಕದಲ್ಲೇ ಮನೆ, ಭತ್ತದ ಚಿತ್ರ ಪುಸ್ತಕದಲ್ಲಿ. ಅಘನಾಶಿನಿ ಕಣ್ಣೆದುರೇ ಹರಿಯುತ್ತದೆ, ನದಿ ಪಾಠ ಪ್ರಶ್ನೋತ್ತರದಲ್ಲಿ. ಮುಟ್ಟಿ ತಿಳಿದವರನ್ನು ಓದದವರು ಅಂತ ಬದಿಗೆ ಸರಿಸುತ್ತೇವೆ.

ಅಜ್ಜನ ಮಗನ ಬೋಟಿನಲ್ಲಿ ಆಳ ತೋರಿಸುವ ಮಷಿನ್ ಇದೆ. ಅದು ಮೀಟರಿನಲ್ಲಿ ತೋರಿಸುತ್ತದೆ. ಮಗ ಮನೆಗೆ ಬಂದು ಅಪ್ಪನಿಗೆ ಮಾರಿನಲ್ಲೇ ಹೇಳುತ್ತಾನಂತೆ. ಆ ಹುಡುಗನ ಮೇಲೆ ನನಗೆ ತುಂಬಾ ಗೌರವ ಬಂತು.

ನಮ್ಮ ಹುಡುಗಿ ನೋಟ್‌ಬುಕ್ಕಿನಲ್ಲಿ 'ಗ್ರಹಿಸು' ಪಕ್ಕ 'ಮಾರು' ಎಂದೂ ಬರೆದುಕೊಂಡಿದ್ದಾಳೆ. ಮಾಸ್ತರು ಅದನ್ನು ಹೊಡೆದು ಹಾಕಿದರೆ ನಾನೇ ಹೋಗಿ ಮಾತಾಡುತ್ತೇನೆ.