ಕುಸ್ವಾರಿನ ಹೊತ್ತಿಗೆ ಮನೆ ಸೇರಿದ ವರ್ಷ

ಹದಿನಾಲ್ಕು ವರ್ಷಗಳಿಂದ ನಾನು ಬಹ್ರೈನಿನ ಮನಾಮಾದಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಉಡುಪಿ ಜಿಲ್ಲೆಯ ಶಿರ್ವದ ನಮ್ಮ ಮನೆಗೆ ಬರಲು ಸಾಧ್ಯವಾದದ್ದು ಐದು ಸಲ ಮಾತ್ರ. ಅವುಗಳಲ್ಲಿ ನಾಲ್ಕು ಸಲ ನಾನು ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಬಂದಿಳಿದದ್ದು ಡಿಸೆಂಬರ್ 23ರಂದು ಇಲ್ಲವೇ 24ರಂದು. ಕಳೆದ ವರ್ಷ ಮಾತ್ರ 12ಕ್ಕೇ ಮನೆ ಸೇರಿದೆ. ಆ ಹತ್ತು ಹನ್ನೆರಡು ದಿನಗಳಲ್ಲಿ ನಾನು ಕಂಡದ್ದನ್ನು, ನನ್ನಂತೆ ಕೊಲ್ಲಿ ರಾಷ್ಟ್ರಗಳಲ್ಲಿದ್ದುಕೊಂಡು ಹಬ್ಬದ ಮುನ್ನಾದಿನಕ್ಕೆ ಟಿಕೆಟ್ ಹುಡುಕುವವರ ಸಲುವಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ರಜೆಯ ವಿಷಯವನ್ನು ಮೊದಲು ಹೇಳಬೇಕು. ನಮ್ಮ ವಾರ್ಡಿನಲ್ಲಿ ಕೇರಳದವರು, ಮಂಗಳೂರಿನವರು, ಫಿಲಿಪೀನ್ಸಿನವರು ಎಲ್ಲರೂ ಇದ್ದೇವೆ. ಎಲ್ಲರಿಗೂ ಬೇಕಾದದ್ದು ಅದೇ ಒಂದು ವಾರ. ಆದ್ದರಿಂದ ಕ್ರಿಸ್‌ಮಸ್ ರಜೆ ಸರದಿಯ ಪ್ರಕಾರ ಸಿಗುತ್ತದೆ. ಬಹ್ರೈನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಕೆಲಸದ ದಿನ, ಡಿಸೆಂಬರ್ 25 ಕೂಡ ಕೆಲಸದ ದಿನವೇ. ಹಾಗೆಂದು ಅಲ್ಲಿಯ ಕ್ರಿಸ್‌ಮಸ್ ಬಡವಾಗಿರುತ್ತದೆ ಎಂದು ಹೇಳಿದರೆ ಅನ್ಯಾಯವಾದೀತು. ಮನಾಮಾದ ಪವಿತ್ರ ಹೃದಯದ ಚರ್ಚ್ 1939ರಷ್ಟು ಹಳೆಯದು; ಅವಾಲಿಯಲ್ಲಿ 2021ರ ಡಿಸೆಂಬರಿನಲ್ಲಿ ಅರೇಬಿಯಾ ಮಾತೆಯ ಹೆಸರಿನ ದೊಡ್ಡ ಕೆಥೆಡ್ರಲ್ ಪ್ರತಿಷ್ಠಾಪನೆಗೊಂಡಿತು. ಡ್ಯೂಟಿ ಮುಗಿಸಿ, ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡು, ಆವರಣದಲ್ಲಿ ಸಾವಿರಾರು ಜನರ ನಡುವೆ ನಿಂತು ನಾನು ಕಣ್ತುಂಬಿಕೊಂಡ ಪೂಜೆಗಳಿವೆ. ಆದರೂ ಪೂಜೆ ಮುಗಿದು ಫ್ಲ್ಯಾಟಿಗೆ ಹಿಂತಿರುಗಿದಾಗ ಊರಿನಲ್ಲಿ ಗಂಟೆ ಎಷ್ಟಾಗಿರಬಹುದು ಎಂದು ಎರಡೂವರೆ ಗಂಟೆ ಕೂಡಿಸಿ ಲೆಕ್ಕ ಹಾಕುವ ಅಭ್ಯಾಸ ಇಂದಿಗೂ ಹೋಗಿಲ್ಲ.

ಕಳೆದ ವರ್ಷ ಡಿಸೆಂಬರ್ 16 ಮತ್ತು 17ರ ಬಹ್ರೈನ್ ರಾಷ್ಟ್ರೀಯ ದಿನಾಚರಣೆಯ ರಜೆಗಳನ್ನು ನನ್ನ ವಾರ್ಷಿಕ ರಜೆಯೊಂದಿಗೆ ಸೇರಿಸಿಕೊಂಡು, ಎರಡು ಈದ್ ಹಬ್ಬಗಳಲ್ಲಿಯೂ ಕೆಲಸ ಮಾಡುವುದಾಗಿ ಸಹೋದ್ಯೋಗಿಗಳಿಗೆ ಮಾತು ಕೊಟ್ಟು, ಬೇಗ ಹೊರಡುವುದಕ್ಕೆ ಒಪ್ಪಿಗೆ ಪಡೆದೆ. ಮಗಳ ಶಾಲೆಯ ಚಳಿಗಾಲದ ರಜೆ ಇನ್ನೂ ಆರಂಭವಾಗಿರಲಿಲ್ಲ. ಅವಳ ತರಗತಿಯ ಶಿಕ್ಷಕಿಯನ್ನು ಕಂಡು, ಪಾಠಗಳನ್ನು ಊರಿನಲ್ಲಿಯೇ ಬರೆಸುತ್ತೇನೆಂದು ಹೇಳಿ ಅನುಮತಿ ಕೇಳಿದೆ. ಗಂಡನಿಗೆ 22ರವರೆಗೆ ರಜೆ ಸಿಗಲಿಲ್ಲ. ಹೀಗೆ ನಾವಿಬ್ಬರೇ, ತಾಯಿ ಮಗಳು, ಎರಡು ಪೆಟ್ಟಿಗೆಗಳೊಂದಿಗೆ ವಿಮಾನವೇರಿದೆವು.

ಪಪ್ಪನೂ ಬಹ್ರೈನಿನಲ್ಲಿಯೇ ದುಡಿದವರು. 1980ರ ದಶಕದಲ್ಲಿ ಅವರು ಊರಿಗೆ ಬರುವುದೆಂದರೆ ಮೊದಲು ಬೊಂಬಾಯಿಯಲ್ಲಿ ಇಳಿದು, ಅಲ್ಲಿಂದ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಬರುವುದು ಎಂದರ್ಥ. ಎರಡು ವರ್ಷಕ್ಕೊಮ್ಮೆ ಸಿಗುತ್ತಿದ್ದ ಅವರ ರಜೆ ಹೆಚ್ಚಾಗಿ ಮಳೆಗಾಲದಲ್ಲಿ ಬರುತ್ತಿತ್ತು. ಕ್ರಿಸ್‌ಮಸ್‌ಗೆ ಅವರ ಬದಲು ಕ್ಯಾಸೆಟ್ ಬರುತ್ತಿತ್ತು. ಯಾರಾದರೂ ಊರಿಗೆ ಹೊರಟವರ ಕೈಯಲ್ಲಿ ಅವರು ತಮ್ಮ ದನಿಯನ್ನು ತುಂಬಿಸಿ ಕಳುಹಿಸುತ್ತಿದ್ದ ಆ ಕ್ಯಾಸೆಟ್ಟನ್ನು ಅಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಕೇಳಿಸುತ್ತಿದ್ದರು. ನಡುವೆ ಪಪ್ಪ ಹೆಸರು ಹಿಡಿದು ಪ್ರಶ್ನೆ ಕೇಳಿ, ಉತ್ತರಕ್ಕೆಂದು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ನಾವು ಆ ಖಾಲಿ ಜಾಗದಲ್ಲಿ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದೆವು.

ನನ್ನ ಕಾಲಕ್ಕೆ ಎಲ್ಲವೂ ಸುಲಭವಾಗಿದೆ. 2006ರಿಂದ ಬಜ್ಪೆಗೆ ಕೊಲ್ಲಿಯಿಂದ ನೇರ ವಿಮಾನಗಳಿವೆ, ಮತ್ತು ಮನಾಮಾದಿಂದ ಇಲ್ಲಿಗೆ ಹಾರಾಟ ಸುಮಾರು ನಾಲ್ಕು ಗಂಟೆಗಳದ್ದು. ನಮ್ಮ ಈ ನಿಲ್ದಾಣಕ್ಕೂ ಕ್ರಿಸ್‌ಮಸ್‌ಗೂ ಒಂದು ನಂಟಿದೆ: 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದದ್ದೇ ಅದರ ಉದ್ಘಾಟನೆ. ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ರನ್‌ವೇ ಇದು. ಸಮುದ್ರ, ನದಿ, ತೆಂಗಿನ ತೋಟ, ಹಂಚಿನ ಮಾಡುಗಳು ಒಂದರ ಹಿಂದೆ ಒಂದು ಕಾಣಿಸಿಕೊಂಡು, ಇನ್ನೂ ಕೆಳಗೆ ಕಣಿವೆಯೇ ಕಾಣುತ್ತಿರುವಾಗ ಚಕ್ರ ನೆಲಕ್ಕೆ ತಾಗಿಬಿಡುತ್ತದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಇದೇ ಗುಡ್ಡದಿಂದ ಕೆಳಗುರುಳಿ 158 ಮಂದಿ ತೀರಿಕೊಂಡರು. ಅವರೂ ನಮ್ಮ ಹಾಗೆ ಮನೆಗೆ ಬರುತ್ತಿದ್ದವರು. ಪ್ರತಿ ಸಲವೂ ಇಳಿಯುವ ಹೊತ್ತಿಗೆ ವಿಮಾನದೊಳಗಿನ ಮಾತು ತಾನಾಗಿ ನಿಲ್ಲುವುದನ್ನು ನಾನು ಗಮನಿಸಿದ್ದೇನೆ. ಆ ಒಂದು ನಿಮಿಷ ನಾನು ಅವರಿಗಾಗಿ ಪ್ರಾರ್ಥಿಸುತ್ತೇನೆ.

ನಾವು ಹೊರಗೆ ಬಂದಾಗ ಕತ್ತಲಾಗಿತ್ತು. ನನ್ನ ತಮ್ಮ ಕಾರು ತಂದಿದ್ದ. ಕಟೀಲು, ಕಿನ್ನಿಗೋಳಿ, ಬೆಳ್ಮಣ್ಣು ದಾಟಿ ಶಿರ್ವದ ಕಡೆಗೆ ಹೊರಳುವ ದಾರಿಯಲ್ಲಿ ಒಂದು ಗದ್ದೆಯಲ್ಲಿ ಯಕ್ಷಗಾನ ಬಯಲಾಟ ನಡೆಯುತ್ತಿತ್ತು. ಚೆಂಡೆಯ ಸದ್ದು ಕೇಳಿ ಮಗಳು ಕಿಟಕಿಯ ಗಾಜು ಇಳಿಸಿದಳು. ಮನೆಗಳ ಮುಂದೆ ಅಲ್ಲೊಂದು ಇಲ್ಲೊಂದು ನಕ್ಷತ್ರ ಮಾತ್ರ ತೂಗುತ್ತಿತ್ತು. ಹಿಂದಿನ ನಾಲ್ಕು ಸಲ ನಾನು ಬಂದಾಗ ಈ ದಾರಿಯುದ್ದಕ್ಕೂ ದೀಪಗಳೇ ಇದ್ದವು. ಊರು ಹಬ್ಬಕ್ಕೆ ಇನ್ನೂ ಸಿದ್ಧವಾಗದೆ ಇರುವುದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ, ಕುಸ್ವಾರಿನ ಕೆಲಸ ಯಾವಾಗ ಶುರು ಮಾಡೋಣ ಎಂದು ಅಮ್ಮನನ್ನು ಕೇಳಿದೆ. ಕುಸ್ವಾರ್ ಎಂದರೆ ಕ್ರಿಸ್‌ಮಸ್‌ಗೆ ನಾವು ಮಾಡುವ ತಿಂಡಿಗಳೆಲ್ಲಕ್ಕೂ ಕೂಡಿ ಇರುವ ಹೆಸರು: ನೆವ್ರಿ, ಕಿಡಿಯೊ, ಗುಳಿಯೊ, ಹೂವಿನಾಕಾರದ ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ, ಅಕ್ಕಿಯ ಲಾಡು, ಸೀಬೆ ಹಣ್ಣಿನ ಪೆರಾದ್. ಅಮ್ಮ ಲೋಟ ಕೆಳಗಿಟ್ಟು, "ಆರ್ಡರ್ ಕೊಟ್ಟಾಗಿದೆ" ಎಂದರು. ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದಾಗ ನಿಧಾನವಾಗಿ ಹೇಳಿದರು. ಪಪ್ಪ ತೀರಿಕೊಂಡ ವರ್ಷದಿಂದ ಅವರು ಮನೆಯಲ್ಲಿ ಕುಸ್ವಾರ್ ಮಾಡುವುದನ್ನೇ ನಿಲ್ಲಿಸಿದ್ದರು. ಊರಿನ ಹೆಂಗಸರ ಗುಂಪೊಂದು ಮಾಡಿ ಮಾರುತ್ತದೆ. ಅವರಿಂದ ತರಿಸಿ ಡಬ್ಬಿಗೆ ತುಂಬಿಸಿ ಇಡುತ್ತಿದ್ದರು. ಮೂರು ವರ್ಷಗಳಿಂದ ಬಹ್ರೈನಿಗೆ ಹೊರಟವರ ಕೈಯಲ್ಲಿ ನನಗೆ ಕಳುಹಿಸುತ್ತಿದ್ದ ಡಬ್ಬಿಯಲ್ಲಿದ್ದದ್ದೂ ಅದೇ. ನಾನು ಅದನ್ನು ಮಗಳಿಗೆ ಕೊಡುವಾಗ ಪ್ರತಿ ಸಲವೂ "ಅಜ್ಜಿ ಮಾಡಿದ್ದು" ಎಂದು ಹೇಳಿಯೇ ಕೊಡುತ್ತಿದ್ದೆ.

"ಅಷ್ಟು ದೂರ ಕೂತು ತಿನ್ನುವವಳಿಗೆ ಅಂಗಡಿಯದ್ದು ಅಂತ ಯಾಕೆ ಹೇಳಬೇಕು, ಮಗಾ?" ಎಂದರು ಅಮ್ಮ. "ಒಬ್ಬಳೇ ಕೂತು ಕಿಡಿಯೊ ಒತ್ತಲಿಕ್ಕೆ ಆಗುವುದಿಲ್ಲ. ಕೈ ನೋಯುತ್ತದೆ ಅಂತಲ್ಲ. ಮಾತಾಡಲಿಕ್ಕೆ ಯಾರೂ ಇರುವುದಿಲ್ಲ."

ಆ ಹೆಂಗಸರ ಕುಸ್ವಾರಿಗೆ ಯಾವ ಕೊರತೆಯೂ ಇರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅದನ್ನು ಮಾರಿ ಎಷ್ಟೋ ಮನೆಗಳು ಡಿಸೆಂಬರನ್ನು ನೆಮ್ಮದಿಯಿಂದ ಕಳೆಯುತ್ತವೆ, ಮತ್ತು ಅಮ್ಮ ಕೊಟ್ಟ ಆರ್ಡರನ್ನು ನಾವು ರದ್ದು ಮಾಡಲಿಲ್ಲ. ನನ್ನ ಎದೆಯಲ್ಲಿ ಉಳಿದದ್ದು ಬೇರೆ ಮಾತು. ನಾಲ್ಕು ಸಲವೂ ನಾನು ಸಿದ್ಧವಾದ ಹಬ್ಬಕ್ಕೆ ಬಂದು ಕುಳಿತಿದ್ದೆ. ಆ ಹಬ್ಬ ಯಾರ ಕೈಯಿಂದ, ಎಷ್ಟು ಒಂಟಿತನದಿಂದ ಸಿದ್ಧವಾಗುತ್ತದೆ ಎಂದು ನೋಡುವಷ್ಟು ಮೊದಲು ನಾನು ಒಮ್ಮೆಯೂ ಬಂದಿರಲಿಲ್ಲ.

ಅಂದೇ ಮಧ್ಯಾಹ್ನ ಅಟ್ಟದಿಂದ ಕೊಕ್ಕಿಸಾಂ ಅಚ್ಚನ್ನು ಇಳಿಸಿದೆವು. ಮೂರು ವರ್ಷ ಮುಟ್ಟದೆ ಇಟ್ಟಿದ್ದರಿಂದ ಅದರ ಅಂಚಿನಲ್ಲಿ ತುಕ್ಕು ಕೂತಿತ್ತು. ಅಮ್ಮ ಅದನ್ನು ಬೂದಿ ಹಾಕಿ ಉಜ್ಜಿ ತೊಳೆದು, ಒರೆಸಿ, ತೆಂಗಿನೆಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಟ್ಟರು. ಹಾಗೆ ಮಾಡದಿದ್ದರೆ ಹಿಟ್ಟು ಅಚ್ಚಿಗೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಕೊಕ್ಕಿಸಾಂ ಮಾಡುವುದರಲ್ಲಿ ಇಂಥ ಸೂಕ್ಷ್ಮಗಳು ಹಲವಿವೆ. ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲಿ ಚೆನ್ನಾಗಿ ಬಿಸಿ ಮಾಡಬೇಕು. ತಣ್ಣಗಿನ ಅಚ್ಚಿಗೆ ಹಿಟ್ಟು ಹಿಡಿಯುವುದಿಲ್ಲ. ಹಿಟ್ಟಿನಲ್ಲಿ ಅದ್ದುವಾಗ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಮೇಲಿನ ಅಂಚನ್ನೂ ಹಿಟ್ಟು ಮುಚ್ಚಿಬಿಟ್ಟರೆ ಹೂವು ಅಚ್ಚಿನಿಂದ ಕಳಚಿ ಬರಲಾರದು. ಎಣ್ಣೆಗೆ ಮರಳಿ ಇಳಿಸಿದ ಮೇಲೆ ಮೆಲ್ಲನೆ ಅಲುಗಿಸುತ್ತಿದ್ದರೆ ಅದು ತಾನಾಗಿಯೇ ಬಿಟ್ಟುಕೊಂಡು ತೇಲುತ್ತದೆ. ಅಮ್ಮ ಇದನ್ನೆಲ್ಲ ಬಾಯಿಯಲ್ಲಿ ಹೇಳಲಿಲ್ಲ. ನನ್ನ ಮಣಿಕಟ್ಟು ಹಿಡಿದು ಎರಡು ಸಲ ಅಲುಗಿಸಿ ತೋರಿಸಿದರು, ಅಷ್ಟೇ.

ಕಿಡಿಯೊ ಮಾಡಲು ಇನ್ನಷ್ಟು ಕೈಗಳು ಬೇಕು. ಮೈದಾ, ಮೊಟ್ಟೆ, ದಪ್ಪ ಕಾಯಿಹಾಲು ಸೇರಿಸಿ ನಾದಿದ ಹಿಟ್ಟಿನಿಂದ ನೆಲ್ಲಿಕಾಯಿ ಗಾತ್ರಕ್ಕಿಂತಲೂ ಚಿಕ್ಕ ಉಂಡೆ ತೆಗೆದು, ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಉರುಳಿಸಿದರೆ ಗೆರೆಗೆರೆಯಾಗಿ ಸುರುಳಿಯಾಗುತ್ತದೆ. ಒಂದು ಕಿಲೋ ಹಿಟ್ಟಿನಿಂದ ನೂರಾರು ಸುರುಳಿಗಳಾಗುತ್ತವೆ, ಮತ್ತು ಒಂದೊಂದನ್ನೂ ಯಾರಾದರೂ ಒಬ್ಬರು ಉರುಳಿಸಲೇಬೇಕು. ಪಕ್ಕದ ಮನೆಯ ಶೆಡ್ತಿಯಕ್ಕ ಸುದ್ದಿ ಕೇಳಿ ತಮ್ಮ ಸೊಸೆಯನ್ನೂ ಕರೆದುಕೊಂಡು ಬಂದರು. ಮೂವತ್ತು ವರ್ಷಗಳಿಂದ ನಮ್ಮ ಮನೆಯ ಕುಸ್ವಾರನ್ನು ತಿನ್ನುತ್ತಿರುವ ಅವರಿಗೆ ನಮ್ಮ ಅಳತೆಗಳೆಲ್ಲ ಗೊತ್ತು. ಚಾವಡಿಯಲ್ಲಿ ಚಾಪೆ ಹಾಸಿ, ಹಳೆಯ ಸೀರೆ ಹರಡಿ, ಐದು ಮಂದಿ ಸುತ್ತ ಕುಳಿತೆವು. ಅಮ್ಮ ಆ ಮಧ್ಯಾಹ್ನ ಮಾತಾಡಿದಷ್ಟನ್ನು ನನ್ನೊಂದಿಗೆ ಫೋನಿನಲ್ಲಿ ಒಂದು ವರ್ಷದಲ್ಲಿಯೂ ಮಾತಾಡಿರಲಿಲ್ಲ. ಮದುವೆಯಾಗಿ ಬಂದ ಮೊದಲ ಡಿಸೆಂಬರಿನಲ್ಲಿ ಅತ್ತೆಯ ಎದುರು ಪಾಕ ಕೆಡಿಸಿದ್ದು, ಪಪ್ಪನ ಕ್ಯಾಸೆಟ್ ತಡವಾಗಿ ಬಂದ ವರ್ಷ ಹಬ್ಬದ ದಿನ ನೆವ್ರಿ ಮುಟ್ಟಲೂ ಮನಸ್ಸಾಗದಿದ್ದದ್ದು, ಇವೆಲ್ಲ ಕೈ ಕೆಲಸದಲ್ಲಿದ್ದಾಗ ಮಾತ್ರ ಹೊರಬರುವ ಮಾತುಗಳು. ಮಗಳು ಉರುಳಿಸಿದ ಕಿಡಿಯೊಗಳು ದಪ್ಪವಾಗಿದ್ದವು. ಅವನ್ನು ಬೇರೆ ಮಾಡಲು ಹೊರಟ ನನ್ನ ಕೈಯನ್ನು ಅಮ್ಮ ತಡೆದು, ಎಲ್ಲವನ್ನೂ ಒಂದೇ ಬಾಣಲೆಗೆ ಹಾಕಿದರು.

ಬೇಗ ಬಂದದ್ದರಿಂದ ಗೋದಲಿಗೂ, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟುವುದಕ್ಕೂ, ಸಮಯ ಸಿಕ್ಕಿತು. ಗೋದಲಿಯ ಮುಂದೆ ಹಸಿರು ಗದ್ದೆ ಇರಬೇಕಾದರೆ ಭತ್ತವನ್ನೋ ರಾಗಿಯನ್ನೋ ಹತ್ತು ದಿನ ಮೊದಲೇ ಬಿತ್ತಬೇಕು. 14ರಂದು ಮಗಳು ಹಳೆಯ ಡಬ್ಬಿಗಳ ಮುಚ್ಚಳಗಳಲ್ಲಿ ಮಣ್ಣು ತುಂಬಿ ಭತ್ತ ಬಿತ್ತಿದಳು. 16ರಂದು ನೊವೆನಾ ಆರಂಭವಾಯಿತು. ಒಂಬತ್ತು ದಿನಗಳ ಆ ಪ್ರಾರ್ಥನೆಗೆ ಕೂರುವ ಮೊದಲು ದಿನವೂ ಅವಳು ಮೊಳಕೆ ಅಳೆದು ನೋಡುತ್ತಿದ್ದಳು. 24ಕ್ಕೆ ಅದು ಗೇಣುದ್ದ ಬೆಳೆದು ನಿಂತಿತ್ತು. ಹೆಚ್ಚಿನ ವರ್ಷ ನಾವು ಬಂದು ನೋಡುವಾಗ ಗೋದಲಿಯಲ್ಲಿ ಹಸಿರು ಬಣ್ಣದ ಕಾಗದ ಹಾಸಿರುತ್ತಿತ್ತು. ಅದಕ್ಕೂ ಕಾರಣ ಈಗ ನನಗೆ ತಿಳಿಯಿತು.

ಹಬ್ಬದ ರಾತ್ರಿಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಶಿರ್ವದ ಆರೋಗ್ಯ ಮಾತೆಯ ಇಗರ್ಜಿಯಲ್ಲಿ ಪೂಜೆ, ಮನೆಗೆ ಬಂದು ಬಾಲ ಯೇಸುವಿನ ಮೂರ್ತಿಯನ್ನು ಗೋದಲಿಯಲ್ಲಿ ಮಲಗಿಸುವುದು, ಮರುದಿನ ಕಳ್ಳು ಹಾಕಿ ಉಬ್ಬಿಸಿದ, ಇಡ್ಲಿಯಂಥ ಸಾನ್ನಾಂ ಮತ್ತು ಹಂದಿ ಮಾಂಸದ ದುಕ್ರಾಮಾಸ್, ಇವೆಲ್ಲ ಎಂದಿನಂತೆಯೇ ಇದ್ದವು. ಗಂಡ 23ರ ವಿಮಾನದಲ್ಲಿ ಬಂದು ಸೇರಿಕೊಂಡಿದ್ದರು. ಕುಸ್ವಾರಿನ ತಟ್ಟೆಗಳನ್ನು ಕ್ರೋಷಾ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಹಂಚಲು ಅಮ್ಮನೇ ಹೊರಟರು. ಮೂರು ವರ್ಷ ಅವರು ಆ ಕೆಲಸವನ್ನು ತಮ್ಮನಿಗೆ ಬಿಟ್ಟಿದ್ದರಂತೆ. ಪ್ರತಿ ಮನೆಯ ಮೆಟ್ಟಿಲಲ್ಲಿಯೂ ನಿಂತು, ತಟ್ಟೆ ಕೊಡುವಾಗ, "ಇದು ಮನೆಯಲ್ಲಿ ಮಾಡಿದ್ದು" ಎಂದು ಹೇಳಿದರು.

ಹೊರಡುವ ಹಿಂದಿನ ದಿನ ಅಮ್ಮ ಕೊಕ್ಕಿಸಾಂ ಅಚ್ಚಿಗೆ ಎಣ್ಣೆ ಸವರಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಪೆಟ್ಟಿಗೆಯ ಬಳಿ ತಂದಿಟ್ಟರು. ಇನ್ನು ಇದು ನಿನ್ನದು, ಅಲ್ಲಿಯೇ ಮಾಡು ಎಂದರು. ಕುಚ್ಚಲಕ್ಕಿ, ಬಫಾತ್ ಮಸಾಲೆ ಪುಡಿ, ತೆಂಗಿನೆಣ್ಣೆಗಳ ನಡುವೆ ಅದಕ್ಕೆ ಜಾಗವೂ ಇತ್ತು. ನಾನು ಬಹಳ ಹೊತ್ತು ಯೋಚಿಸಿ, ಅದನ್ನು ತೆಗೆದುಕೊಂಡು ಹೋಗಿ ಅಟ್ಟದ ಅದೇ ಮೂಲೆಯಲ್ಲಿ ಇಟ್ಟು ಬಂದೆ. ಅಮ್ಮ ಏಕೆಂದು ಕೇಳಲಿಲ್ಲ. ಬಹ್ರೈನಿಗೆ ಹಿಂತಿರುಗಿದ ವಾರದಲ್ಲಿಯೇ ಈ ವರ್ಷದ ಡಿಸೆಂಬರ್ 10ರಿಂದ ರಜೆ ಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಎರಡೂ ಈದ್‌ಗಳಿಗೆ ಮತ್ತೆ ನನ್ನದೇ ಡ್ಯೂಟಿ.