ಗೋಪಿನಾಥಂ ದಾರಿ: ಡಿಸಿಎಫ್ ಶ್ರೀನಿವಾಸ್ ಕೆಲಸ ಮಾಡಿದ ಊರಿಗೆ

ಗಂಧಗಳ್ಳ ವೀರಪ್ಪನ್ ತಂಡದ ಕೈಯಲ್ಲಿ 1991ರಲ್ಲಿ ಹತರಾದ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಶ್ರೀನಿವಾಸ್ ಅವರ ಸ್ಮಾರಕ ನೋಡಲು ಗೋಪಿನಾಥಂಗೆ ಹೊರಟವರು ಕೊಳ್ಳೇಗಾಲದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳುವುದು ಒಳ್ಳೆಯದು. ತಪ್ಪಿದರೆ ಹನೂರಿನಲ್ಲಾದರೂ ತುಂಬಿಸಬೇಕು. ಮಲೆ ಮಹದೇಶ್ವರ ಬೆಟ್ಟ ದಾಟಿ ಪಾಲಾರ್ ಕಡೆ ಇಳಿದರೆ ಮುಂದೆ ಬಂಕ್ ಸಿಗುತ್ತದೆ ಎಂದು ನಂಬಿಕೊಂಡು ಹೋಗುವ ದಾರಿಯಲ್ಲ ಅದು. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ನಕ್ಷೆ ಒಂದೂವರೆ ಗಂಟೆ ಎಂದು ತೋರಿಸಿದರೂ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಹನೂರಿನವರೆಗೆ ಬಯಲು, ಹಿಪ್ಪುನೇರಳೆ, ಮುಸುಕಿನ ಜೋಳ. ರಾಮಾಪುರ, ಕೌದಳ್ಳಿ ಕಳೆದ ಮೇಲೆ ಮನೆಗಳು ವಿರಳವಾಗುತ್ತವೆ. ರಾಮಾಪುರದ ಪೊಲೀಸ್ ಠಾಣೆ ರಸ್ತೆ ಪಕ್ಕದ ಸಾಧಾರಣ ಠಾಣೆಯಂತೆಯೇ ಕಾಣುತ್ತದೆ. 1992ರಲ್ಲಿ ವೀರಪ್ಪನ್ ತಂಡ ಇದೇ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದಿತ್ತು.

ತಾಳುಬೆಟ್ಟದಿಂದ ಘಾಟಿ ಶುರು. ಹತ್ತುವಾಗ ಯಾವ ಗೇರ್ ಹಾಕಿದ್ದಿರೋ ಇಳಿಯುವಾಗಲೂ ಅದೇ ಗೇರ್ ಎಂಬ ಹಳೇ ಡ್ರೈವರ್‌ಗಳ ಮಾತು ಇಲ್ಲಿ ಚೆನ್ನಾಗಿ ಅನ್ವಯಿಸುತ್ತದೆ. ಬ್ರೇಕ್ ಒತ್ತಿಕೊಂಡೇ ಇಳಿದರೆ ನಾಲ್ಕೈದು ತಿರುವಿಗೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದಿಲ್ಲ. ವಾಸನೆ ಬಂತೆಂದರೆ ಅಗಲವಾದ ಜಾಗ ನೋಡಿ ಇಪ್ಪತ್ತು ನಿಮಿಷ ನಿಲ್ಲಿಸಿ. ಬಿಸಿ ಚಕ್ರಕ್ಕೆ ನೀರು ಮಾತ್ರ ಎರಚಬೇಡಿ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗೆ ಇಲ್ಲಿ ಜನಸಾಗರ; ಮಾದಪ್ಪನ ಭಕ್ತರು ಕತ್ತಲಲ್ಲೂ ರಸ್ತೆ ಅಂಚಿನಲ್ಲೇ ನಡೆದುಬರುತ್ತಾರೆ. ಶ್ರೀನಿವಾಸ್ ತೀರಿಕೊಂಡ ನವೆಂಬರ್ 10 ಕೆಲವು ವರ್ಷ ದೀಪಾವಳಿ ಜಾತ್ರೆಗೆ ತಾಗಿಕೊಂಡೇ ಬರುತ್ತದೆ. ಆ ವರ್ಷಗಳಲ್ಲಿ ಬೆಟ್ಟದಲ್ಲಿ ರೂಮು ಸಿಗುವ ಆಸೆ ಬಿಟ್ಟು, ಹನೂರಿನಲ್ಲೋ ಕೊಳ್ಳೇಗಾಲದಲ್ಲೋ ಉಳಿದು ಬೆಳಿಗ್ಗೆ ಐದಕ್ಕೆ ಹೊರಡುವುದು ವಾಸಿ.

ಬೆಟ್ಟದ ಸುತ್ತಲಿನ 906 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾದದ್ದು 2013ರಲ್ಲಿ. ಶ್ರೀನಿವಾಸ್ ಇಲ್ಲಿ ಓಡಾಡಿದ ಕಾಲಕ್ಕೆ ಇದು ಬರೀ ಮೀಸಲು ಅರಣ್ಯ. ಚಾಮರಾಜನಗರ ಜಿಲ್ಲೆಯೂ ಆಗ ಇರಲಿಲ್ಲ, ಎಲ್ಲವೂ ಮೈಸೂರು ಜಿಲ್ಲೆಯೇ. ಈಗ ಕಣ್ಣಿಗೆ ರಾಚುವ ಲಂಟಾನ ಎಂಬ ಕಳೆಪೊದೆಯನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಸೋಲಿಗರು ಕುರ್ಚಿ, ಬುಟ್ಟಿ, ಆಳೆತ್ತರದ ಆನೆ ಬೊಂಬೆ ಮಾಡುತ್ತಾರೆ.

ಬೆಟ್ಟದಿಂದ ಪಾಲಾರ್‌ಗೆ ಸುಮಾರು 20 ಕಿಲೋಮೀಟರ್ ಇಳಿಜಾರು. ಪಾಲಾರ್ ಹೊಳೆಯೇ ಗಡಿ, ಸೇತುವೆ ದಾಟಿದರೆ ತಮಿಳುನಾಡು, ಮೆಟ್ಟೂರು ದಾರಿ. ಗೋಪಿನಾಥಂಗೆ ಸೇತುವೆ ಹತ್ತಬಾರದು, ಅದಕ್ಕೂ ಮೊದಲೇ ಎಡಕ್ಕೆ ತಿರುಗಬೇಕು. ಬಾಡಿಗೆ ಕಾರಿನವರು ಇದನ್ನು ಗಮನಿಸಬೇಕು: ಹಳದಿ ಬೋರ್ಡಿನ ಗಾಡಿ ಸೇತುವೆ ದಾಟಿದರೆ ತಮಿಳುನಾಡಿನ ಪರ್ಮಿಟ್ ಕೇಳುತ್ತಾರೆ, ಎಡಕ್ಕೆ ತಿರುಗಿದವರಿಗೆ ಆ ತಲೆನೋವಿಲ್ಲ. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಹೆಸರು, ಹೋಗುವ ಕಾರಣ ಹೇಳಬೇಕು. 'ಶ್ರೀನಿವಾಸ್ ಸಾಹೇಬರ ಸ್ಮಾರಕ ನೋಡೋಕೆ' ಅಂದರೆ ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ. ಇದೇ ಪಾಲಾರ್ ಆಸುಪಾಸಿನಲ್ಲಿ 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ಇಟ್ಟಿದ್ದ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಸತ್ತವರಲ್ಲಿ ಪೊಲೀಸರ ಜೊತೆ ಅರಣ್ಯ ವಾಚರ್‌ಗಳೂ ಇದ್ದರು. ವಾಚರ್‌ಗಳ ಹೆಸರು ಯಾರಿಗೂ ನೆನಪಿರುವುದಿಲ್ಲ.

ಅಲ್ಲಿಂದ ಮುಂದೆ ರಸ್ತೆ ಕಿರಿದು. ಮೆಟ್ಟೂರು ಅಣೆಕಟ್ಟೆ ತುಂಬಿದ ವರ್ಷ ಬಲಗಡೆ ಕಾವೇರಿಯ ಹಿನ್ನೀರು ಹರಡಿಕೊಂಡಿರುತ್ತದೆ; ತಗ್ಗಿದರೆ ಬರೀ ಒಡೆದ ಕೆಸರು, ಅದರ ಮೇಲೆ ದನ. ಮೊಬೈಲ್ ಸಿಗ್ನಲ್ ಬಂದರೂ ಬಂತು, ಹೋದರೂ ಹೋಯಿತು. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಊರುಗಳಲ್ಲಿ ತಮಿಳೇ ಮನೆಮಾತು. 1956ರವರೆಗೆ ಈ ಸೀಮೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ, ನಡುವೆ ನಾಲ್ಕು ತಮಿಳು ಮಾತು ಸೇರಿರುತ್ತದೆ ಅಷ್ಟೆ.

ಈ ದಾರಿಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಡಿಸಿಎಫ್ ದರ್ಜೆಯ ಅಧಿಕಾರಿ ಜೀಪಿನಲ್ಲಿ ಬಂದು, ತಪಾಸಣೆ ಮುಗಿಸಿ, ಕತ್ತಲಾಗುವ ಮೊದಲು ವಾಪಸಾಗುವುದು ರೂಢಿ. ಶ್ರೀನಿವಾಸ್ ಮಾತ್ರ ಇಲ್ಲೇ ಉಳಿದರು. ರಾಜಮಹೇಂದ್ರಿಯಲ್ಲಿ 1954ರಲ್ಲಿ ಹುಟ್ಟಿದವರು, 1979ರಲ್ಲಿ ಅರಣ್ಯ ಸೇವೆಗೆ ಬಂದವರು. 1986ರಲ್ಲಿ ಸೆರೆಸಿಕ್ಕಿದ್ದ ವೀರಪ್ಪನ್ ಬೂದಿಪಡಗ ಅರಣ್ಯ ಅತಿಥಿಗೃಹದಿಂದ ತಪ್ಪಿಸಿಕೊಂಡ. ಅವನು ಹುಟ್ಟಿದ ಊರು ಇದೇ ಗೋಪಿನಾಥಂ. ಅವನ ತಂಡಕ್ಕೆ ಗಂಧ ಕಡಿಯುವ, ಹೊರುವ, ಸುದ್ದಿ ಮುಟ್ಟಿಸುವ ಆಳುಗಳೂ ಇಲ್ಲಿಂದಲೇ ಸಿಗುತ್ತಿದ್ದರು. ಶ್ರೀನಿವಾಸ್ ಮಾಡಿದ್ದು ಆ ಆಳುಗಳನ್ನು ಕಡಿಮೆ ಮಾಡುವ ಕೆಲಸ. ಊರಿಗೆ ಕುಡಿಯುವ ನೀರು, ಔಷಧಾಲಯ, ಮನೆ ಇಲ್ಲದವರಿಗೆ ಮನೆ, ಮಾರಿಯಮ್ಮನಿಗೆ ಗುಡಿ. ಇವನ್ನೆಲ್ಲ ಸಮಾಜಸೇವೆ ಎಂದು ಹಾರ ಹಾಕಿ ಬದಿಗಿಡುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಊರಲ್ಲೇ ಕೂಲಿ, ನೀರು, ಮದ್ದು ಸಿಕ್ಕ ಒಬ್ಬ ಗಂಡಾಳು ಕಾಡಿಗೆ ಹೋಗದೆ ಉಳಿದರೆ ತಂಡದಲ್ಲಿ ಒಂದು ಹೆಗಲು ಕಡಿಮೆಯಾದಂತೆಯೇ. ತಂಡದಲ್ಲಿದ್ದ ಹಲವರು ಅವರ ಮಾತು ನಂಬಿ ಶರಣಾದರು.

ಶರಣಾಗತಿ ಮಾಡಿಸುವವನು ಕೋವಿ ಹಿಡಿದು ಹೋದರೆ ಯಾರೂ ಬರುವುದಿಲ್ಲ. ಹಾಗಾಗಿ ವೀರಪ್ಪನ್ ತಮ್ಮ ಅರ್ಜುನನ್ ಮೂಲಕ 'ಆಯುಧವಿಲ್ಲದೆ ಬಂದರೆ ಶರಣಾಗುತ್ತೇವೆ' ಎಂಬ ಸುದ್ದಿ ಬಂದಾಗ ಅದು ಅವರ ಕೆಲಸದ ರೀತಿಗೆ ಹೊಸದೇನೂ ಆಗಿರಲಿಲ್ಲ. 1991ರ ನವೆಂಬರ್ 10ರಂದು ಎರಕೆಯಂ ಕಾಡಿನಲ್ಲಿ ವೀರಪ್ಪನ್ ತಂಡದವರು ಹೊಂಚು ಹಾಕಿ, ಹಾಗೆ ಹೋದ ಅವರನ್ನು ಗುಂಡಿಟ್ಟು ಕೊಂದರು, ತಲೆ ಕಡಿದೊಯ್ದರು. ಆಗ ಅವರಿಗೆ 37 ವರ್ಷ. ಮರುವರ್ಷ ಕೀರ್ತಿ ಚಕ್ರ ಬಂತು. ಅವರು ಮೋಸಹೋದ ಮುಗ್ಧರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಈ ಊರಿನಲ್ಲಿ ಅವರು ಮಾಡಿದ್ದನ್ನೆಲ್ಲ ಕಂಡವರಿಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ.

ಊರಲ್ಲಿ ಮೊದಲು ನೋಡಬೇಕಾದ್ದು ಮಾರಿಯಮ್ಮನ ಗುಡಿ. ಅಲ್ಲಿ ಶ್ರೀನಿವಾಸ್ ಫೋಟೊಗೂ ಪೂಜೆ ಸಲ್ಲುತ್ತದೆ. ಹೂವು, ಕರ್ಪೂರ, ತೆಂಗಿನಕಾಯಿಯನ್ನು ಬೆಟ್ಟದಿಂದಲೇ ತಂದರೆ ಅನುಕೂಲ. ಫೋಟೊ ತೆಗೆಯುವ ಮೊದಲು ಪೂಜಾರಿಯನ್ನು ಒಂದು ಮಾತು ಕೇಳಿ. ಊರವರನ್ನು ಮಾತಿಗೆಳೆಯಬೇಕಾದರೆ ವೀರಪ್ಪನ್ ಮನೆ ಯಾವುದು ಎಂದು ಶುರು ಮಾಡಬೇಡಿ. ಬಂದವರೆಲ್ಲ ಅದನ್ನೇ ಕೇಳಿ ಅವರಿಗೆ ಸಾಕಾಗಿದೆ, ನಮಗೂ ಸಾಕಾಗಿದೆ. ಶ್ರೀನಿವಾಸ್ ಸಾರ್ ಎಂದು ಶುರು ಮಾಡಿ. ವಯಸ್ಸಾದವರು ಕೂರಲು ಜಾಗ ಬಿಟ್ಟುಕೊಡುತ್ತಾರೆ.

ಎರಕೆಯಂ ಸ್ಮಾರಕ ಕಾಡಿನ ಒಳಗಿದೆ. ಗೋಪಿನಾಥಂ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು, ಅನುಮತಿ ಇಲ್ಲದೆ ಒಳಹೋದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ವಾರ ಮೊದಲೇ ವಲಯ ಅರಣ್ಯಾಧಿಕಾರಿಗೆ ಬರೆದು ಹೆಸರು, ಗುರುತಿನ ಚೀಟಿ, ಗಾಡಿ ನಂಬರು ಕೊಟ್ಟಿರಬೇಕು. ಫೆಬ್ರುವರಿಯಿಂದ ಮಳೆ ಬೀಳುವವರೆಗೆ ಬೆಂಕಿ ಕಾಲ. ಆಗ ಸಿಬ್ಬಂದಿಯೆಲ್ಲ ಬೆಂಕಿರೇಖೆ (ಬೆಂಕಿ ಹರಡದಂತೆ ಸವರಿದ ಪಟ್ಟಿ) ಕಾಯುತ್ತಿರುತ್ತಾರೆ, ಕೇಳದಿರುವುದೇ ಮರ್ಯಾದೆ. ಅನುಮತಿ ಸಿಕ್ಕರೆ ವಾಚರ್ ಜೊತೆಗೇ ಹೋಗಬೇಕು. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಬೆಲ್ಲ, ಕಡಲೆ ಸಾಕು. ಚಪ್ಪಲಿ ಆಗದು, ಕಾರೆಮುಳ್ಳು ತೆಳು ಅಟ್ಟೆಯನ್ನು ತೂರಿ ಬರುತ್ತದೆ. ಸೆಂಟು, ಕೆಂಪು ಬಿಳಿ ಬಟ್ಟೆ ಬೇಡ. ಬೆಳಿಗ್ಗೆ ಆರೂವರೆಗೆ ಹೊರಟು ನಾಲ್ಕರೊಳಗೆ ಊರು ಸೇರಬೇಕು.

ವಾಚರ್ ಏಕಾಏಕಿ ನಿಂತು ಕೈ ಎತ್ತಿದರೆ ನಿಂತುಬಿಡಿ, ಯಾಕೆಂದು ಕೇಳಬೇಡಿ. ಅವರು ದಾರಿಯಲ್ಲಿ ಬಿದ್ದ ಲದ್ದಿಯ ಬಿಸಿ, ಆಗತಾನೆ ಮುರಿದ ಕೊಂಬೆ, ಗಾಳಿಯ ದಿಕ್ಕು ನೋಡುತ್ತಿರುತ್ತಾರೆ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ 2018ರ ಮಾರ್ಚ್ 3ರಂದು ಕಾಡಿನ ತಪಾಸಣೆಯಲ್ಲಿದ್ದಾಗಲೇ ಆನೆಗೆ ಬಲಿಯಾದರು. ಅಷ್ಟು ಅನುಭವಿಗಳಿಗೇ ಹಾಗಾಯಿತು.

ಇನ್ನೊಂದು ಅಪಾಯ ಹಳ್ಳಗಳದು. ಈ ಸೀಮೆಗೆ ಹಿಂಗಾರೇ ದೊಡ್ಡ ಮಳೆ, ಅಕ್ಟೋಬರ್ ನವೆಂಬರಿನ ಮಧ್ಯಾಹ್ನಗಳಲ್ಲಿ ಸುರಿಯುತ್ತದೆ. ಹಳ್ಳಗಳು ಗಿಡ್ಡ, ಕಡಿದಾದವು. ಮೇಲೆ ಮಳೆಯಾದರೆ ಇಲ್ಲಿ ಒಣ ಹಾಸುಗಲ್ಲಿನ ಮೇಲೆ ನೋಡನೋಡುತ್ತಲೇ ಮೊಣಕಾಲುದ್ದ ಕೆಂಪು ನೀರು ಬರುತ್ತದೆ. ತರಗೆಲೆ, ನೊರೆ ತೇಲಿಬಂದರೆ ಅದು ಏರುವ ನೀರು. ದಾಟುವ ಸಾಹಸ ಬೇಡ, ಎತ್ತರದಲ್ಲಿ ಕೂತಿರಿ. ನೀರು ಇಳಿದ ಮೇಲೆ ದಾಟಿ.

ಅನುಮತಿ ಸಿಗದಿದ್ದರೂ ಬಂದದ್ದು ದಂಡವಲ್ಲ, ಗುಡಿ ಇದ್ದೇ ಇದೆ. ಉಳಿಯಬೇಕೆನ್ನುವವರಿಗೆ ಜಂಗಲ್ ಲಾಡ್ಜಸ್‌ನವರ ಶಿಬಿರ ಊರಿನ ಅಣೆಕಟ್ಟೆ ಹತ್ತಿರವೇ ಇದೆ; ಮೊದಲೇ ಬುಕ್ ಮಾಡಬೇಕು. ಸೆಪ್ಟೆಂಬರ್ 11ರ ಅರಣ್ಯ ಹುತಾತ್ಮರ ದಿನದ ಸುತ್ತ ಬರುವವರು ಹೊಗೇನಕಲ್ಲಿಗೂ ಹೋಗುವ ಲೆಕ್ಕ ಹಾಕುತ್ತಾರೆ. ಆಗ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಿದ್ದರೆ ತೆಪ್ಪ ನಿಲ್ಲಿಸಿರುತ್ತಾರೆ, ವಿಚಾರಿಸಿಯೇ ಹೊರಡಿ. ಬಸ್ಸಿನಲ್ಲಿ ಬರುವವರು ಬೆಟ್ಟದ ನಿಲ್ದಾಣದಲ್ಲಿ ಗೋಪಿನಾಥಂ ಬಸ್ ಹತ್ತುವ ಮೊದಲೇ ಕಂಡಕ್ಟರ್ ಬಳಿ ವಾಪಸ್ ಬಸ್ಸಿನ ಹೊತ್ತು ಕೇಳಿಕೊಳ್ಳಿ. ದಿನಕ್ಕೆ ಕೆಲವೇ ಬಸ್ಸು, ಕೊನೆಯದು ತಪ್ಪಿದರೆ ಹಾಲಿನ ವ್ಯಾನೋ ಬೈಕೋ ಹುಡುಕಬೇಕು.